‘ಪವರ್’ ಮತ್ತು ವಿದ್ಯುತ್: ಗೋಕಾಕ ಜಲಪಾತದ 1887ರ ಕುರಿತು ಒಂದು ಟಿಪ್ಪಣಿ

1. ಹೇಳಿಕೆ ಮತ್ತು ಅದರ ಪಾಠಾಂತರಗಳು

ಏಷ್ಯಾದಲ್ಲೇ ಮೊಟ್ಟಮೊದಲು ವಿದ್ಯುತ್ ಉತ್ಪಾದನೆಯಾದದ್ದು ಗೋಕಾಕ ಜಲಪಾತದಲ್ಲಿ, 1887ರಲ್ಲಿ ಎಂಬ ಮಾತು ಪ್ರವಾಸಿ ಕೈಪಿಡಿಗಳಲ್ಲಿದೆ, ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳಲ್ಲಿದೆ, ನವೆಂಬರ್ ಬಂತೆಂದರೆ ಮೊಬೈಲಿನಿಂದ ಮೊಬೈಲಿಗೆ ದಾಟುವ ‘ಕರ್ನಾಟಕದ ಮೊದಲುಗಳು’ ಪಟ್ಟಿಗಳಲ್ಲೂ ಇದೆ. ಅದರ ಮೂರು ಪಾಠಗಳನ್ನಾದರೂ ಬೇರೆ ಬೇರೆಯಾಗಿ ಗುರುತಿಸಬಹುದು:

(ಅ) ಏಷ್ಯಾದ ಮೊದಲ ವಿದ್ಯುತ್;
(ಆ) ಏಷ್ಯಾದ ಮೊದಲ ಜಲವಿದ್ಯುತ್;
(ಇ) ಭಾರತದ ಮೊದಲ ಜಲವಿದ್ಯುತ್.

ಮೂರನ್ನೂ ಒಂದೇ ಎಂದು ಓದುವ ರೂಢಿ ಇದೆ. ಒಂದೊಂದಕ್ಕೂ ಬೇಕಾದ ಸಾಕ್ಷ್ಯ ಬೇರೆ, ಒಂದೊಂದನ್ನು ಅಲ್ಲಗಳೆಯುವ ಸಾಕ್ಷ್ಯವೂ ಬೇರೆ. ಇದೇ ಪುಸ್ತಕಗಳ ಇನ್ನೊಂದು ಪುಟದಲ್ಲಿ ಏಷ್ಯಾದ ಮೊದಲ ಜಲವಿದ್ಯುತ್ ಕೇಂದ್ರ ಶಿವನಸಮುದ್ರ, 1902 ಎಂಬ ಸಾಲೂ ಇರುವುದುಂಟು. ಎರಡನ್ನೂ ಬಾಯಿಪಾಠ ಮಾಡಿದ ಅಭ್ಯರ್ಥಿಗೆ ಅವು ಒಂದಕ್ಕೊಂದು ಎದುರು ನಿಂತಿವೆ ಎಂಬುದು ಹೊಳೆಯದೆ ಹೋಗುವುದು ಗಮನಾರ್ಹ.

ಈ ಟಿಪ್ಪಣಿಯ ವ್ಯಾಪ್ತಿ ಚಿಕ್ಕದು. 1887ರಲ್ಲಿ ಗೋಕಾಕದಲ್ಲಿ ಆದದ್ದನ್ನು ಯಾವ ಪದದಿಂದ ಕರೆಯಬೇಕು, ಆ ಪದ ಹೇಗೆ ಬದಲಾಗಿರಬಹುದು ಎಂಬ ಎರಡು ಪ್ರಶ್ನೆಗಳಿಗೆ ಅದು ಸೀಮಿತ. ಸುಳ್ಳು ಸುದ್ದಿಯ ಅಧ್ಯಯನಗಳಲ್ಲಿ ಸಾಮಾನ್ಯವಾಗಿ ದುರುದ್ದೇಶವಿರುವ ಪ್ರಕರಣಗಳನ್ನೇ ಎತ್ತಿಕೊಳ್ಳುತ್ತಾರೆ. ಇಲ್ಲಿ ಅಂಥ ಉದ್ದೇಶ ಯಾರಿಗೂ ಇದ್ದಂತೆ ತೋರುವುದಿಲ್ಲ. ಲಾಭ ಪಡೆದವರಿಲ್ಲ, ನಷ್ಟ ಅನುಭವಿಸಿದವರೂ ಇಲ್ಲ. ಆದ್ದರಿಂದಲೇ ಮಾಹಿತಿ ಕೆಡುವ ಬಗೆಯನ್ನು ರಾಗದ್ವೇಷದ ಗದ್ದಲವಿಲ್ಲದೆ ಇಲ್ಲಿ ನೋಡಲು ಸಾಧ್ಯ.

2. ಸ್ಥಳ

ಘಟಪ್ರಭೆಯ ಈ ಪಾತ್ರದಲ್ಲಿ ಮೂರು ಬಿಂದುಗಳು ಮುಖ್ಯ. ಮೇಲುಗಡೆ, ಮಹಾರಾಷ್ಟ್ರದ ಗಡಿಗೆ ಹತ್ತಿರ, ಹುಕ್ಕೇರಿ ತಾಲ್ಲೂಕಿನ ದಡ್ಡಿ. ಅದರ ಕೆಳಗೆ ಹಿಡಕಲ್ ಜಲಾಶಯ. ಇನ್ನೂ ಕೆಳಗೆ, ಧೂಪದಾಳ ಒಡ್ಡು ದಾಟಿ, ಕೊಣ್ಣೂರಿನ ಬಳಿ ಗೋಕಾಕ ಜಲಪಾತ. ದಡ್ಡಿಯಲ್ಲೂ ಗೋಕಾಕ ಜಲಪಾತದ ಬಳಿಯೂ ಕೇಂದ್ರ ಜಲ ಆಯೋಗದ ನದಿಮಾಪನ ಕೇಂದ್ರಗಳಿವೆ.

ಜಲಪಾತದ ಎತ್ತರದ ಬಗ್ಗೆ ಒಂದು ಕಿರುವ್ಯತ್ಯಾಸ ಇದೆ. ಹಳೆಯ ಇಂಗ್ಲಿಷ್ ವರ್ಣನೆಗಳಲ್ಲಿ 170 ಅಡಿ, ಈಚಿನ ಕನ್ನಡ ಬರಹಗಳಲ್ಲಿ 52 ಮೀಟರ್, ಕೆಲವೆಡೆ 171 ಅಡಿ. ಇವು ಮೂರು ಅಳತೆಗಳಲ್ಲ, ಪ್ರಾಯಶಃ ಒಂದೇ. 170 ಅಡಿ ಎಂದರೆ 51.8 ಮೀಟರ್. ಅದನ್ನು 52ಕ್ಕೆ ಸರಿದೂಗಿಸಿ, 52ನ್ನು ಮತ್ತೆ ಅಡಿಗೆ ತಿರುಗಿಸಿದರೆ 170.6, ಅಂದರೆ 171. ಹೋಗಿ ಬರುವಷ್ಟರಲ್ಲಿ ಜಲಪಾತ ಒಂದು ಅಡಿ ಬೆಳೆದಿದೆ. ಇದರಲ್ಲಿ ಸುಳ್ಳು ಹೇಳಿದವರು ಯಾರೂ ಇಲ್ಲ. ಮುಂದಿನ ಭಾಗಗಳನ್ನು ಓದುವಾಗ ಈ ಒಂದು ಅಡಿ ನೆನಪಿನಲ್ಲಿರಲಿ.

3. 1885–1887: ಕಂಪನಿ, ಗಿರಣಿ, ಟರ್ಬೈನು

ಗೋಕಾಕ ವಾಟರ್ ಪವರ್ ಅಂಡ್ ಮ್ಯಾನುಫ್ಯಾಕ್ಚರಿಂಗ್ ಕಂಪನಿ ಸ್ಥಾಪನೆಯಾದದ್ದು 1885ರಲ್ಲಿ. ಆಡಳಿತ ಮುಂಬಯಿಯ ಫೋರ್ಬ್ಸ್ ಸಂಸ್ಥೆಯದು. ನೂಲಿನ ಗಿರಣಿ ಕೆಲಸ ಶುರು ಮಾಡಿದ್ದು 1887ರಲ್ಲಿ. ಜೇಮ್ಸ್ ಕ್ಯಾಂಪ್‌ಬೆಲ್ ಸಂಪಾದಿಸಿದ ಬೊಂಬಾಯಿ ಗೆಜೆಟಿಯರಿನ ಬೆಳಗಾವಿ ಸಂಪುಟ 1884ರದು, ಅಂದರೆ ಕಂಪನಿಗಿಂತ ಒಂದು ವರ್ಷ ಹಿಂದಿನದು. ಜಲಪಾತದ ವರ್ಣನೆಗೆ ಅದು ಆಧಾರವಾಗಬಹುದು. ಗಿರಣಿಯ ಬಗ್ಗೆ ಪರವಾಗಲಿ ವಿರೋಧವಾಗಲಿ ಸಾಕ್ಷಿಯಾಗಲಾರದು.

ಯಂತ್ರಗಳ ಬಗ್ಗೆ ಹೆಚ್ಚು ಉಪಯುಕ್ತವಾದ ಮೂಲ ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾದ 11ನೇ ಆವೃತ್ತಿಯ (1910–11) ಶಕ್ತಿಪ್ರಸರಣ ಲೇಖನ. ಅಲ್ಲಿ ಗೋಕಾಕ ಬರುವುದು ಯಾಂತ್ರಿಕ ಪ್ರಸರಣದ ಭಾಗದಲ್ಲಿ, ತಂತಿಹಗ್ಗದ ಮೂಲಕ ಶಕ್ತಿ ಸಾಗಿಸಿದ್ದಕ್ಕೆ ಉದಾಹರಣೆಯಾಗಿ. ಸ್ಥಾವರ ಕಟ್ಟಿದವರು ಸ್ವಿಟ್ಜರ್ಲೆಂಡಿನ ಜೂರಿಕ್ ನಗರದ ಎಶರ್ ವಿಸ್ ಕಂಪನಿ, ಚಾಲನೆ 1887, ತಲಾ 250 ಅಶ್ವಶಕ್ತಿಯ ಮೂರು ಟರ್ಬೈನುಗಳು. ಟರ್ಬೈನು ತಿರುಗಿಸಿದ ದೊಡ್ಡ ಗಾಲಿಯಿಂದ ಉಕ್ಕಿನ ಹಗ್ಗ ಹೊರಟು ಗಿರಣಿಯ ಗಾಲಿಯನ್ನು ತಿರುಗಿಸುತ್ತಿತ್ತು. ನೀರಿನ ಬಲ ಕದಿರಿನ ತನಕ ಹೋದದ್ದು ಚಲನೆಯಾಗಿಯೇ, ನಡುವೆ ವಿದ್ಯುತ್ತಾಗಿ ಮಾರ್ಪಡದೆ.

ತಂತ್ರದ ವಂಶಾವಳಿಯೂ ಇದಕ್ಕೆ ಹೊಂದುತ್ತದೆ. ಹಗ್ಗದ ಮೂಲಕ ದೂರಕ್ಕೆ ಶಕ್ತಿ ಸಾಗಿಸುವ ವಿಧಾನವನ್ನು ಹಿರ್ನ್ ಸಹೋದರರು ಅಲ್ಸೇಸಿನ ಲೋಗೆಲ್‌ಬಾಕ್‌ನಲ್ಲಿ 1850ರ ಸುಮಾರಿಗೆ ಬಳಕೆಗೆ ತಂದರು. ರೈನ್ ನದಿಯ ದಂಡೆಯ ಶಾಫ್‌ಹೌಸನ್ ಊರಿನಲ್ಲಿ ಹೈನ್ರಿಕ್ ಮೋಸರ್ 1866ರಲ್ಲಿ ಅದನ್ನೇ ದೊಡ್ಡ ಪ್ರಮಾಣದಲ್ಲಿ ನಡೆಸಿದ. ಶಾಫ್‌ಹೌಸನ್ ಇರುವ ಸೀಮೆಯ ಕಂಪನಿಯೊಂದಕ್ಕೆ ಇಪ್ಪತ್ತು ವರ್ಷಗಳ ನಂತರ ಘಟಪ್ರಭೆಯಲ್ಲಿ ಅದೇ ವಿಧಾನ ಸಹಜವಾಗಿ ತೋಚಿದ್ದರಲ್ಲಿ ಆಶ್ಚರ್ಯವಿಲ್ಲ.

ಬೇರೆ ದಾರಿ ಆಗ ಇರಲೂ ಇಲ್ಲ ಎನ್ನಬಹುದು. ನೂಲಿನ ಗಿರಣಿಯನ್ನು ವಿದ್ಯುತ್ತಿನಿಂದ ಓಡಿಸಲು ಜನರೇಟರ್ ಒಂದೇ ಸಾಲದು, ಮೋಟಾರೂ ಬೇಕು. ಡೊಲಿವೊ-ಡೊಬ್ರೊವೊಲ್‌ಸ್ಕಿಯ ಮೂರು ಫೇಸಿನ ಮೋಟಾರು 1889ರದು. ಲೌಫೆನ್‌ನಿಂದ ಫ್ರಾಂಕ್‌ಫರ್ಟಿಗೆ 175 ಕಿ.ಮೀ. ದೂರ ವಿದ್ಯುತ್ ಹರಿಸಿ ತೋರಿಸಿದ್ದು 1891ರಲ್ಲಿ. ಅಮೆರಿಕದ ದಕ್ಷಿಣ ಕೆರೊಲಿನಾದ ಕೊಲಂಬಿಯಾದಲ್ಲಿ ಬಟ್ಟೆಗಿರಣಿಯನ್ನು ಪೂರ್ಣವಾಗಿ ವಿದ್ಯುತ್ತಿನಿಂದ ನಡೆಸತೊಡಗಿದ್ದು 1894ರ ಹೊತ್ತಿಗೆ. 1885ರಲ್ಲಿ ಯೋಜನೆ ಮಾಡುತ್ತಿದ್ದ ಎಂಜಿನಿಯರು ಹಗ್ಗವನ್ನು ಆರಿಸಿಕೊಂಡದ್ದನ್ನು ಹಿಂದುಳಿದ ಆಯ್ಕೆ ಎನ್ನಲಾಗದು.

4. ಗಿರಣಿ: ಒಂದು ಹತ್ತಿರದ ಹೋಲಿಕೆ

ಉತ್ತರ ಕರ್ನಾಟಕದ ಮಾತಿನಲ್ಲಿ ಹಿಟ್ಟು ಬೀಸುವುದೂ ಗಿರಣಿಯೇ, ನೂಲು ತೆಗೆಯುವುದೂ ಗಿರಣಿಯೇ. ಪದದ ಈ ಹಿಗ್ಗು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಡೀಸೆಲ್ ಎಂಜಿನಿನ ಹಳೆಯ ಹಿಟ್ಟಿನ ಗಿರಣಿಯನ್ನು ಗಮನಿಸಿದರೆ, ಎಂಜಿನಿನ ಗಾಲಿಗೂ ಬೀಸುಗಲ್ಲಿನ ಗಾಲಿಗೂ ನಡುವೆ ಇರುವುದು ಒಂದು ಅಗಲವಾದ ಪಟ್ಟಾ ಮಾತ್ರ. ಪಟ್ಟಾದ ಎರಡು ತುದಿ ಕೂಡಿಸಿದ ಕ್ಲಿಪ್ಪು ಗಾಲಿಯ ಮೇಲೆ ಹಾಯುವಾಗ ಪ್ರತಿ ಸುತ್ತಿಗೂ ಟಕ್ ಎನ್ನುತ್ತದೆ. ಪಟ್ಟಾ ಸಡಿಲಾದರೆ ಎಂಜಿನು ಓಡುತ್ತಲೇ ಇರುತ್ತದೆ, ಕಲ್ಲು ನಿಧಾನವಾಗುತ್ತದೆ. ಗಿರಣಿಯವ ರಾಳದ ಪುಡಿ ಉದುರಿಸುತ್ತಾನೆ, ಪಟ್ಟಾ ಮತ್ತೆ ಹಿಡಿಯುತ್ತದೆ. ಊರಿಗೆ ಕರೆಂಟು ಇಲ್ಲದ ದಿನವೂ ಜೋಳ ಹಿಟ್ಟಾಗುತ್ತದೆ.

1887ರ ಗೋಕಾಕದಲ್ಲಿ ಎಂಜಿನಿನ ಜಾಗದಲ್ಲಿ ಟರ್ಬೈನು, ಪಟ್ಟಾದ ಜಾಗದಲ್ಲಿ ಉಕ್ಕಿನ ಹಗ್ಗ, ಕಲ್ಲಿನ ಜಾಗದಲ್ಲಿ ಕದಿರು. ಹೋಲಿಕೆ ಸ್ಥೂಲವಾದದ್ದು, ವಿವರಗಳಿಗೆ ಎಳೆಯಬಾರದು. ಆದರೂ ‘ಚಲನಶಕ್ತಿ’, ‘ಯಾಂತ್ರಿಕ ಪ್ರಸರಣ’ ಎಂಬ ಪಠ್ಯಪುಸ್ತಕದ ಮಾತುಗಳಿಗಿಂತ ಈ ಪಟ್ಟಾ ವ್ಯತ್ಯಾಸವನ್ನು ಬೇಗ ತಿಳಿಸುತ್ತದೆ.

ಗಾತ್ರದ ಅಂದಾಜಿಗೆ ಒಂದು ಲೆಕ್ಕ. ಮೂರು ಟರ್ಬೈನುಗಳ ಒಟ್ಟು 750 ಅಶ್ವಶಕ್ತಿ ಎಂದರೆ ಸುಮಾರು 559 ಕಿಲೋವಾಟ್. ಬೀಳುವ ಎತ್ತರ 52 ಮೀಟರ್, ಟರ್ಬೈನಿನ ದಕ್ಷತೆ ಶೇ 75 ಎಂದು ಹಿಡಿದರೆ ಬೇಕಾಗುವ ನೀರು ಸೆಕೆಂಡಿಗೆ 1.46 ಘನ ಮೀಟರ್, ಅಂದರೆ 52 ಕ್ಯೂಸೆಕ್‌ಗೆ ಸ್ವಲ್ಪ ಕಡಿಮೆ. ದಕ್ಷತೆ 70 ಎಂದರೆ 55 ಕ್ಯೂಸೆಕ್, 80 ಎಂದರೆ 48. (ಪರಿಣಾಮಕಾರಿ ಎತ್ತರ ಜಲಪಾತದ ಪೂರ್ಣ ಎತ್ತರಕ್ಕೆ ಸಮ ಎಂಬುದು ಇಲ್ಲಿ ಅನುಕೂಲಕ್ಕಾಗಿ ಮಾಡಿಕೊಂಡ ಊಹೆ.) ಆಷಾಢದಲ್ಲಿ ಇದೇ ನದಿಯ ಸುದ್ದಿ ಸಾವಿರಾರು ಕ್ಯೂಸೆಕ್‌ಗಳಲ್ಲಿ ಬರುತ್ತದೆ. ಗಿರಣಿಗೆ ಬೇಕಿದ್ದದ್ದು ಮಳೆಗಾಲದ ಅಬ್ಬರವಲ್ಲ, ಬೇಸಿಗೆಯಲ್ಲೂ ತಪ್ಪದ ಐವತ್ತು ಕ್ಯೂಸೆಕ್.

5. ಕಾಲಾನುಕ್ರಮ

ಹೋಲಿಕೆಗೆ ಬೇಕಾದ ದಿನಾಂಕಗಳು ಹೀಗಿವೆ. ಕಲ್ಕತ್ತೆಯಲ್ಲಿ ವಿದ್ಯುದ್ದೀಪದ ಪ್ರದರ್ಶನ ನಡೆದದ್ದು 1879ರಲ್ಲಿ. ಶಾಂಘೈ ನಗರದಲ್ಲಿ ವಿದ್ಯುತ್ ಕಂಪನಿ ಬೀದಿದೀಪ ಹಚ್ಚಿದ್ದು 1882ರಲ್ಲಿ. ಜಪಾನಿನ ಸೆಂಡಾಯ್ ಬಳಿಯ ಸಾಂಕ್ಯೊಝಾವದಲ್ಲಿ ನೂಲಿನ ಗಿರಣಿಯೊಂದು ನೀರಿನ ಟರ್ಬೈನಿನಿಂದ ವಿದ್ಯುದ್ದೀಪ ಉರಿಸಿದ್ದು 1888ರಲ್ಲಿ. ಕ್ಯೋಟೋದ ಕೆಯಾಗೆ ಕೇಂದ್ರ, ಸಾರ್ವಜನಿಕ ಬಳಕೆಗೆ, 1891. ಡಾರ್ಜಿಲಿಂಗಿನ ಸಿದ್ರಾಪಾಂಗ್, 130 ಕಿಲೋವಾಟ್, 10 ನವೆಂಬರ್ 1897. ಶಿವನಸಮುದ್ರ, 30 ಜೂನ್ 1902.

ಇವುಗಳಿಂದ ಇಷ್ಟನ್ನು ಹೇಳಬಹುದು. ಪಾಠ (ಅ), ಏಷ್ಯಾದ ಮೊದಲ ವಿದ್ಯುತ್, ಯಾವ ದೃಷ್ಟಿಯಿಂದಲೂ ನಿಲ್ಲುವುದಿಲ್ಲ. 1879 ಮತ್ತು 1882 ಅದಕ್ಕೆ ಅಡ್ಡ ಬರುತ್ತವೆ. ಪಾಠ (ಆ) ಮತ್ತು (ಇ) ಷರತ್ತಿಗೆ ಒಳಪಟ್ಟವು. ಟರ್ಬೈನಿಗೆ ದೀಪಕ್ಕಾಗಿ ಸಣ್ಣ ಡೈನಮೊ ಒಂದನ್ನು 1887ರಲ್ಲೇ ಜೋಡಿಸಿದ್ದರೆ ಗೋಕಾಕ ಸಾಂಕ್ಯೊಝಾವಕ್ಕಿಂತ ಒಂದು ವರ್ಷ ಮುಂದಾಗುತ್ತದೆ. ಆ ಕಾಲದ ಗಿರಣಿಗಳಿಗೆ ವಿದ್ಯುದ್ದೀಪ ಅಪರಿಚಿತವಲ್ಲ. ಹತ್ತಿಯ ಧೂಳಿನ ನಡುವೆ ಎಣ್ಣೆದೀಪ ಅಪಾಯಕಾರಿ. ಆದ್ದರಿಂದ ಈ ಸಾಧ್ಯತೆಯನ್ನು ತಳ್ಳಿಹಾಕುವುದು ಸರಿಯಲ್ಲ. ಹೇಳಿಕೆಯ ಪ್ರಚಲಿತ ರೂಪ ಮಾತ್ರ ಡೈನಮೊದ ಬಗ್ಗೆ ಮಾತನಾಡುವುದಿಲ್ಲ. ಅದು ಗಿರಣಿ ನಡೆಸಿದ ಶಕ್ತಿಯನ್ನೇ ವಿದ್ಯುತ್ ಎನ್ನುತ್ತದೆ.

ಶಿವನಸಮುದ್ರದ ‘ಏಷ್ಯಾದ ಮೊದಲು’ ಕೂಡ 1891 ಮತ್ತು 1897ರ ಮುಂದೆ ಉಳಿಯದು. ಅದರ ನಿಜವಾದ ವಿಶೇಷ ಬೇರೆ: ಸುಮಾರು 92 ಮೈಲಿ ದೂರದ ಕೋಲಾರ ಚಿನ್ನದ ಗಣಿಗೆ ವಿದ್ಯುತ್ ಸಾಗಿಸಿದ್ದು. ಆ ಕಾಲಕ್ಕೆ ಜಗತ್ತಿನ ಅತ್ಯಂತ ಉದ್ದದ ಮಾರ್ಗಗಳ ಸಾಲಿಗೆ ಅದು ಸೇರುತ್ತದೆ. ಅಲ್ಲಿನ ಟರ್ಬೈನುಗಳೂ ಎಶರ್ ವಿಸ್ ಕಂಪನಿಯವು ಎಂಬುದು ಒಂದು ಪುಟ್ಟ ಕಾಕತಾಳೀಯ. ಹದಿನೈದು ವರ್ಷದ ಅಂತರದಲ್ಲಿ ಒಂದೇ ಕಂಪನಿಯ ಗಾಲಿಗಳು ಗೋಕಾಕದಲ್ಲಿ ಹಗ್ಗ ಎಳೆದವು, ಶಿವನಸಮುದ್ರದಲ್ಲಿ ವಿದ್ಯುತ್ ತೆಗೆದವು.

6. ಪದ ಜಾರಿದ ಬಗೆ

ಕಂಪನಿಯ ಹೆಸರಿನಲ್ಲೇ ‘ವಾಟರ್ ಪವರ್’ ಇದೆ. 1885ರ ಇಂಗ್ಲಿಷಿನಲ್ಲಿ ಅದರ ಅರ್ಥ ನೀರಿನ ಬಲ. ಬೀಸುವ ಕಲ್ಲು ತಿರುಗಿಸುವ ಹಳ್ಳದ ನೀರಿಗೂ ಅದೇ ಮಾತು. ಈಗಿನ ಕನ್ನಡದಲ್ಲಿ ‘ಪವರ್’ ಎಂದರೆ ಬಹುಮಟ್ಟಿಗೆ ಕರೆಂಟು. ‘ಪವರ್ ಹೋತು’ ಎಂದು ಹುಕ್ಕೇರಿಯಲ್ಲಿ ಅಂದರೆ ಯಾರೂ ಕುರ್ಚಿ ಕಳಕೊಂಡವರ ಬಗ್ಗೆ ಯೋಚಿಸುವುದಿಲ್ಲ, ಮೇಣದಬತ್ತಿ ಹುಡುಕುತ್ತಾರೆ. ಈ ಅರ್ಥವನ್ನು ಹಿಂದಕ್ಕೆ ಒಯ್ದು 1885ರ ಹೆಸರಿಗೆ ಹಚ್ಚಿದರೆ ‘ವಾಟರ್ ಪವರ್’ ತಾನಾಗಿಯೇ ‘ಜಲವಿದ್ಯುತ್’ ಆಗುತ್ತದೆ. ಜಲಪಾತದ ಬುಡದಲ್ಲಿ ಈಗ ಕಾಣುವ ವಿದ್ಯುದಾಗಾರವೂ ಇದಕ್ಕೆ ಒತ್ತಾಸೆ ಕೊಟ್ಟಿರಬಹುದು: ಇಂದಿನ ಜನರೇಟರಿಗೆ ಅಂದಿನ ಟರ್ಬೈನಿನ ಇಸವಿ ಅಂಟಿಕೊಂಡಿದೆ. ಇದು ಊಹೆ, ಸರಳವಾದ ಊಹೆ ಎಂಬುದಷ್ಟೇ ಅದರ ಪರವಾದ ವಾದ.

ಹೆಸರು ದಾರಿ ತಪ್ಪಿಸಿದ್ದಕ್ಕೆ ಗೋಕಾಕ ಇನ್ನೊಂದು ಉದಾಹರಣೆಯನ್ನೂ ಕೊಡುತ್ತದೆ. ‘ಗೋಕಾಕ ಚಳವಳಿ’ ಗೋಕಾಕ ಪಟ್ಟಣದಲ್ಲಿ ಹುಟ್ಟಿದ್ದು ಎಂದು ತಿಳಿದ ವಿದ್ಯಾರ್ಥಿಗಳು ಅಪರೂಪವಲ್ಲ. ಅದು 1981ರಲ್ಲಿ ವರದಿ ಕೊಟ್ಟ ಭಾಷಾ ಸಮಿತಿಯ ಅಧ್ಯಕ್ಷ ವಿ.ಕೃ. ಗೋಕಾಕರ ಹೆಸರಿನಿಂದ ಬಂದದ್ದು. ಅವರು ಹುಟ್ಟಿದ್ದು ಸವಣೂರಿನಲ್ಲಿ.

ಇಲ್ಲಿ ತಪ್ಪನ್ನು ಹೊತ್ತು ತಂದವರು ಯಾರು ಎಂಬುದು ಯೋಚಿಸಬೇಕಾದ ಸಂಗತಿ. ಜನರಿಗೆ ವಿಜ್ಞಾನದ ತಿಳಿವಳಿಕೆ ಕಡಿಮೆ, ಅದನ್ನು ತುಂಬಿದರೆ ಸರಿಹೋಗುತ್ತದೆ ಎಂಬ ನಿಲುವು ಬ್ರಿಟನ್ನಿನ ರಾಯಲ್ ಸೊಸೈಟಿಯ 1985ರ ವರದಿಯ ಸುತ್ತ ಬಲಗೊಂಡಿತು. ಅನಂತರದ ವಿದ್ವಾಂಸರು ಅದನ್ನು ‘ಕೊರತೆಯ ಮಾದರಿ’ ಎಂದು ಟೀಕಿಸಿದರು. ನಮ್ಮ ಪ್ರಕರಣ ಟೀಕಾಕಾರರ ಕಡೆಗೆ ವಾಲುತ್ತದೆ. 1887ರ ಸಾಲನ್ನು ಹರಡಿದವರು ಓದದವರಲ್ಲ. ಟಿಪ್ಪಣಿ ಮಾಡಿಕೊಂಡು ಓದಿದವರು, ಪರೀಕ್ಷೆಗೆ ಕೂತವರು, ಬಹುಶಃ ಪ್ರಶ್ನೆಪತ್ರಿಕೆ ತೆಗೆದವರೂ.

ಕರ್ನಾಟಕದಲ್ಲಿ ವೈಚಾರಿಕತೆಯ ಸಾರ್ವಜನಿಕ ಪ್ರಯತ್ನಗಳು ಹೆಚ್ಚಾಗಿ ಪವಾಡ ಮತ್ತು ಮೌಢ್ಯವನ್ನು ಎದುರಿಗಿಟ್ಟುಕೊಂಡವು. 1976ರಲ್ಲಿ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ ರಚಿಸಿದ ಪವಾಡ ಪರಿಶೀಲನಾ ಸಮಿತಿ ಹೆಸರಾದದ್ದು. ಬೆಳಗಾವಿಯ ಸದಾಶಿವನಗರ ಸ್ಮಶಾನದಲ್ಲಿ ಮಾನವ ಬಂಧುತ್ವ ವೇದಿಕೆ 2014ರಿಂದ ಡಿಸೆಂಬರ್ 6ರಂದು ನಡೆಸುತ್ತ ಬಂದ ಕಾರ್ಯಕ್ರಮ ಈ ಜಿಲ್ಲೆಯದೇ ಉದಾಹರಣೆ. ಸ್ಮಶಾನದಲ್ಲಿ ಉಂಡು ಮಲಗಿದರೆ ದೆವ್ವದ ಭಯಕ್ಕೆ ಉತ್ತರ ಸಿಗುತ್ತದೆ. ಪವಾಡವೂ ದೆವ್ವವೂ ಇಲ್ಲದ, ವಿಜ್ಞಾನದ ವೇಷದಲ್ಲೇ ಬರುವ, ಹೆಮ್ಮೆ ತರುವ ತಪ್ಪಿಗೆ ಆ ಸಲಕರಣೆ ಹೊಂದುವಂತೆ ಕಾಣದು.

7. ದಡ್ಡಿಯ ಅಂಕಿ

ಪದ ಜಾರುವುದು ಹಳೆಯ ಇಸವಿಯ ಪಕ್ಕದಲ್ಲಷ್ಟೇ ಅಲ್ಲ, ಇದೇ ನದಿಯ ಇಂದಿನ ಅಂಕಿಗಳ ಪಕ್ಕದಲ್ಲೂ. ದಡ್ಡಿಯ ಮಾಪನ ಕೇಂದ್ರ ಕೊಡುವುದು ಬೇರೆ ಬಗೆಯ ಮಾಹಿತಿಯನ್ನು. ನದಿಯ ದಂಡೆಯಲ್ಲಿ ಮೀಟರು, ಸೆಂಟಿಮೀಟರು ಗುರುತು ಹಾಕಿದ ಪಟ್ಟಿಗಳು ಮೆಟ್ಟಿಲಿನಂತೆ ನಿಂತಿರುತ್ತವೆ. ಬೆಳಿಗ್ಗೆ 8 ಗಂಟೆಗೆ ನೀರು ಮುಟ್ಟಿದ ಗೆರೆ ಓದಿ ಬರೆಯುವುದು ಇಂಥ ಕೇಂದ್ರಗಳ ರೂಢಿ, ನೆರೆ ಬಂದರೆ ಗಂಟೆಗೊಮ್ಮೆ. ಅಂಕಿ ಹುಟ್ಟುವ ಜಾಗದಲ್ಲಿ ಅನುಮಾನಕ್ಕೆ ಎಡೆ ಕಡಿಮೆ. ಅದು ಊರಿಗೆ ಬರುವ ದಾರಿಯಲ್ಲಿ ಎರಡು ಕಡೆ ಕೆಡಬಹುದು.

ಒಂದು, ಮಟ್ಟ. ಹಿಡಕಲ್ ಜಲಾಶಯದ ಗರಿಷ್ಠ ಮಟ್ಟ 2175 ಅಡಿ ಎಂದು ಪ್ರತಿ ಮಳೆಗಾಲದಲ್ಲೂ ಅಚ್ಚಾಗುತ್ತದೆ. ಅದು ಸಮುದ್ರಮಟ್ಟದಿಂದ ಅಳೆದದ್ದು (662.94 ಮೀಟರ್), ನೀರಿನ ಆಳವಲ್ಲ, ಕಟ್ಟೆಯ ಎತ್ತರ ಅದರ ಹತ್ತರಲ್ಲಿ ಒಂದು ಪಾಲಿನ ಆಸುಪಾಸು. ಸಮುದ್ರಮಟ್ಟ ಎಂಬ ಎರಡು ಪದ ಬಿಟ್ಟುಹೋದರೆ 2175 ಅಡಿ ನೀರು ನೆತ್ತಿಯ ಮೇಲೆ ನಿಂತಂತೆ ಓದಿಸಿಕೊಳ್ಳುತ್ತದೆ.

ಎರಡು, ಕ್ಯೂಸೆಕ್ ಮತ್ತು ಟಿಎಂಸಿ. ಮೊದಲನೆಯದು ಹರಿವಿನ ದರ, ಸೆಕೆಂಡಿಗೆ ಇಷ್ಟು ಘನ ಅಡಿ. ಎರಡನೆಯದು ಗಾತ್ರ, ನೂರು ಕೋಟಿ ಘನ ಅಡಿ. 11,574 ಕ್ಯೂಸೆಕ್ ಒಂದು ಇಡೀ ದಿನ ಹರಿದರೆ 1 ಟಿಎಂಸಿ. 1 ಲಕ್ಷ ಕ್ಯೂಸೆಕ್ ದಿನವಿಡೀ ಹರಿದರೆ 8.64 ಟಿಎಂಸಿ. ಹಿಡಕಲ್ ಜಲಾಶಯದ ಸಾಮರ್ಥ್ಯವೇ 51 ಟಿಎಂಸಿ. ಆದ್ದರಿಂದ ‘1 ಲಕ್ಷ ಟಿಎಂಸಿ ಬಿಟ್ಟಾರಂತ’ ಎಂಬ ಧ್ವನಿಸಂದೇಶ ಕೇಳಿದ ಕೂಡಲೇ ಅಸಾಧ್ಯ ಎಂದು ತಿಳಿಯಬೇಕು. ರಾತ್ರಿ ಎರಡು ಗಂಟೆಗೆ, ನದಿ ಹಿತ್ತಲಿಗೆ ಬಂದಿರುವಾಗ, ಯಾರೂ ಭಾಗಾಕಾರ ಮಾಡುವುದಿಲ್ಲ. ಆಗಸ್ಟ್ 2019 ಮತ್ತು ಜುಲೈ 2024ರಲ್ಲಿ ಗೋಕಾಕದ ಲೋಳಸೂರ ಸೇತುವೆ ಮುಳುಗಿದ್ದನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ.

ದರವನ್ನು ಗಾತ್ರವೆಂದು, ಮಟ್ಟವನ್ನು ಆಳವೆಂದು, ಚಲನೆಯ ಶಕ್ತಿಯನ್ನು ವಿದ್ಯುತ್ತೆಂದು ಓದುವುದು ಒಂದೇ ಜಾತಿಯ ಜಾರುವಿಕೆಗಳಿರಬಹುದು. ಮೂರರಲ್ಲೂ ಅಂಕಿ ಸರಿಯಾಗಿಯೇ ಇದೆ: 1887 ಸರಿ, 2175 ಸರಿ, 1 ಲಕ್ಷವೂ ಸರಿಯಾಗಿರಬಹುದು. ಕೆಟ್ಟದ್ದು ಅಂಕಿಯ ಪಕ್ಕದ ಪದ. ಇಸವಿ ಮತ್ತು ಮೊತ್ತವನ್ನಷ್ಟೇ ತಾಳೆ ನೋಡುವ ಸತ್ಯಶೋಧನೆಯ ಕ್ರಮ ಇವನ್ನು ಹಿಡಿಯದೆ ಬಿಡುವ ಸಂಭವ ಹೆಚ್ಚು.

8. ಸೂಚಿತ ಪಾಠ

ಸದ್ಯದ ಸಾಕ್ಷ್ಯದ ಮೇಲೆ, ಶಾಲೆಯ ಗೋಡೆಗೋ ಪ್ರವಾಸಿ ಫಲಕಕ್ಕೋ ಈ ವಾಕ್ಯವನ್ನು ಸೂಚಿಸಬಹುದು: 1887ರಲ್ಲಿ ಇಲ್ಲಿ ಘಟಪ್ರಭೆಯ ನೀರಿನಿಂದ ಟರ್ಬೈನು ತಿರುಗಿಸಿ, ಉಕ್ಕಿನ ಹಗ್ಗದ ಮೂಲಕ ಆ ಬಲವನ್ನು ಸಾಗಿಸಿ ನೂಲಿನ ಗಿರಣಿ ನಡೆಸಲಾಯಿತು.

ಡೈನಮೊದ ಖರೀದಿಪತ್ರವೋ, ದೀಪಗಳ ಲೆಕ್ಕದ ಪುಸ್ತಕವೋ 1887ರ ತಾರೀಖಿನೊಂದಿಗೆ ಸಿಕ್ಕರೆ 5ನೇ ಭಾಗದಲ್ಲಿ (ಆ) ಮತ್ತು (ಇ)ಗಳ ಬಗೆಗಿನ ತೀರ್ಮಾನವನ್ನು ತಿದ್ದಬೇಕಾಗುತ್ತದೆ, ಮೇಲಿನ ವಾಕ್ಯಕ್ಕೆ ದೀಪದ ಮಾತು ಸೇರಿಸಬೇಕಾಗುತ್ತದೆ. ಹಗ್ಗದ ಮಾತನ್ನು ತೆಗೆಯಬೇಕಾಗಿ ಬರಲಾರದು. ಎತ್ತರ ಬರೆಯುವುದಿದ್ದರೆ 170 ಅಡಿ.